ಐವತ್ತು ದಾಟಿ ಎಂ.ಎ. ಮುಗಿಸಿದವರಿಗೆ ಮೂರು ದಿನದ ಕಾರು ಪ್ರವಾಸ: ಧಾರವಾಡದಿಂದ ಗದಗ, ಸವಣೂರು ಸುತ್ತಿ ಬರುವ ದಾರಿ

ಪಿ.ಜಿ. ಫಲಿತಾಂಶ ಬಂದಾಗಲೆಲ್ಲ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತದೆ. "ಮಕ್ಕಳ ಮದುವೆ ಮುಗಿಸಿ ಎಂ.ಎ. ಕಟ್ಟಿದ್ದೆ, ಪಾಸಾದೆ. ಈಗ ಎಲ್ಲಾದರೂ ಹೋಗಿ ಬರಬೇಕು. ದೂರ ಬೇಡ, ಕಾರು ಇದೆ, ಎರಡು-ಮೂರು ದಿನ ಸಾಕು. ಎಲ್ಲಿಗೆ ಹೋಗಲಿ?" ಕೇಳುವವರಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಬ್ಯಾಂಕಿನಲ್ಲಿ ಕ್ಯಾಶ್ ಎಣಿಸಿ ಸಾಕಾದವರಿದ್ದಾರೆ, ಮನೆಮಂದಿಗೆಲ್ಲ ರೊಟ್ಟಿ ಬಡಿದು ರಾತ್ರಿ ಹನ್ನೊಂದರ ಮೇಲೆ ನೋಟ್ಸ್ ಬರೆದ ಗೃಹಿಣಿಯರೂ ಇದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗೋವಾ, ಊಟಿ ಯಾವಾಗ ಬೇಕಾದರೂ ಆಗುತ್ತದೆ. ಡಿಗ್ರಿ ಮುಗಿಸಿದ ಖುಷಿಗೆ ಹೋಗುವ ಪ್ರವಾಸದಲ್ಲಿ ನೀವು ಓದಿದ್ದು ಕಣ್ಣಿಗೆ ಕಾಣಬೇಕು. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಟಿಪ್ಪಣಿ ಬರೆದ ಲಕ್ಕುಂಡಿ, ಚಾಲುಕ್ಯರ ಕಾಲದ ಗುಡಿಗಳ ಊರು, ಧಾರವಾಡದಿಂದ ಎರಡು ತಾಸಿನ ಹಾದಿ. ಎಷ್ಟೋ ಜನ ಅದರ ಮುಂದೆಯೇ ಹಾದು ಹಂಪಿಗೆ ಹೋಗಿ ಬಂದಿರುತ್ತಾರೆ, ಕಾರಿನಿಂದ ಇಳಿದಿರುವುದಿಲ್ಲ.

ಹಂತ 1: ದಿನ ಗೊತ್ತು ಮಾಡಿಕೊಳ್ಳಿ

ಘಟಿಕೋತ್ಸವಕ್ಕೆ ಕಾಯಬೇಡಿ. ಅದು ಯಾವಾಗ ಆಗುತ್ತದೋ ಹೇಳಲಾಗದು. ಅಷ್ಟರಲ್ಲಿ ಮನೆಯಲ್ಲಿ ಬೇರೆ ಕೆಲಸ ಬರುತ್ತವೆ, ಹುಮ್ಮಸ್ಸೂ ಇಳಿಯುತ್ತದೆ. ಫಲಿತಾಂಶ ಬಂದು ಅಂಕಪಟ್ಟಿ ಕೈ ಸೇರಿದರೆ ಹೊರಡಬಹುದು. ಒಂದು ಕೆಲಸ ಮಾತ್ರ ಮೊದಲು ಮುಗಿಸಿ: ಯಾವುದಾದರೂ ಪತ್ರಿಕೆಗೆ ಮರುಮೌಲ್ಯಮಾಪನ ಹಾಕುವುದಿದ್ದರೆ ಅರ್ಜಿ ಕೊಟ್ಟೇ ಹೊರಡಿ. ಅದಕ್ಕೆ ಕೊಡುವ ದಿನಗಳು ಕಡಿಮೆ. ಪ್ರೊವಿಜನಲ್ ಸರ್ಟಿಫಿಕೇಟ್ ಅರ್ಜಿಯನ್ನೂ ಜೊತೆಗೇ ಹಾಕಿ. ಪದವಿ ಪತ್ರ ಕೈಗೆ ಬರುವ ತನಕ ಅದರ ಬದಲು ನಡೆಯುವ ತಾತ್ಕಾಲಿಕ ಪತ್ರ ಇದು.

ಈ ಕಡೆ ಸುತ್ತಾಡಲು ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಬಿಸಿಲು ತಡೆಯಬಹುದು, ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ನಿಂತಿರುತ್ತವೆ. ಜನವರಿಯಲ್ಲಿ ಹೋದರೆ ಪರಿಚಯದವರ ಹೊಲದಲ್ಲಿ ಸೀತನಿ ಸಿಕ್ಕರೂ ಸಿಕ್ಕೀತು. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಇರುವಾಗಲೇ ಚಟ್ನಿಪುಡಿ ಜೊತೆ ತಿನ್ನುವುದು. ಏಪ್ರಿಲ್, ಮೇ ಬೇಡವೇ ಬೇಡ. ಗುಡಿಯ ಅಂಗಳದ ಕಲ್ಲಿನ ಮೇಲೆ ಬರಿಗಾಲು ಇಡಲಾಗುವುದಿಲ್ಲ.

ವಾರ ನೋಡುವಾಗ ಶುಕ್ರವಾರ ಲಕ್ಕುಂಡಿಗೆ ಬೀಳದಂತೆ ನೋಡಿಕೊಳ್ಳಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಇನ್ನೊಂದು ವಿಷಯ, ಪಂಚಾಂಗದಲ್ಲಿ ಮದುವೆ ಮುಹೂರ್ತ ನೋಡಿ. ಒಳ್ಳೆಯ ಮುಹೂರ್ತ ಇರುವ ದಿನ ಗದಗಿನ ಲಾಡ್ಜುಗಳನ್ನು ಬೀಗರೇ ತುಂಬಿರುತ್ತಾರೆ.

ಹಂತ 2: ಇದು ಯಾರ ಪ್ರವಾಸ ಅನ್ನುವುದು ಮನೆಯಲ್ಲಿ ಇತ್ಯರ್ಥವಾಗಲಿ

ಜಾಸ್ತಿ ಜನ ಎಡವುವುದು ಇಲ್ಲೇ. ರಸ್ತೆ, ಟೋಲು, ಲಾಡ್ಜು ಇವೆಲ್ಲ ಸುಲಭ. "ಅವ್ವಾ, ಹೆಂಗೂ ಕಾರ್ ತಗೀತೀವಿ, ಹಂಗ ಸವದತ್ತಿ ಯಲ್ಲಮ್ಮಗ ಹೋಗಿ ಬರೂಣು" ಅಂತ ಮಗ ಶುರು ಮಾಡುತ್ತಾನೆ. "ಅಲ್ಲೇ ಹತ್ರ ನಮ್ಮ ಅಕ್ಕನ ಊರು ಐತಿ, ಊಟಕ್ಕ ಹೇಳಿಬಿಡ್ತೀನಿ" ಅಂತ ಯಜಮಾನರು ಸೇರಿಸುತ್ತಾರೆ. ಕೊನೆಗೆ ಅದು ಹರಕೆ ತೀರಿಸುವ, ಬೀಗರ ಮನೆಗೆ ಹೋಗಿ ಬರುವ ಪ್ರವಾಸವಾಗುತ್ತದೆ. ಡಿಗ್ರಿ ತಗೊಂಡವರು ಹಿಂದಿನ ಸೀಟಿನಲ್ಲಿ ಮೊಮ್ಮಗನನ್ನು ತೊಡೆ ಮೇಲೆ ಹಾಕಿಕೊಂಡು ಕೂತಿರುತ್ತಾರೆ.

ಹಾಗಾಗಿ ಮೂರು ವಿಷಯ ಮೊದಲೇ ಹೇಳಿಬಿಡಿ. ದಾರಿ ನಿಮ್ಮದು. ಮುಂದಿನ ಸೀಟು ನಿಮ್ಮದು, ಇಲ್ಲವೇ ಸ್ಟೀರಿಂಗ್ ನಿಮ್ಮದು. ಈ ಮೂರು ದಿನ ನಿಮ್ಮ ಕೈಯಿಂದ ಅಡುಗೆ ಇಲ್ಲ. ಬುತ್ತಿ ಕಟ್ಟುವುದಿದ್ದರೆ ಬೇರೆಯವರು ಕಟ್ಟಲಿ, ಇಲ್ಲ ಅಂಗಡಿಯಿಂದ ತರಲಿ. ಹೇಳಲು ಸಂಕೋಚವಾದರೆ ಮನೆಯವರನ್ನು ಬಿಟ್ಟು ಓದಿನ ಜೊತೆಗಾರರೊಡನೆ ಹೋಗಿ. ಒಟ್ಟಿಗೆ ಕಾಂಟ್ಯಾಕ್ಟ್ ಕ್ಲಾಸಿಗೆ, ಅಂದರೆ ದೂರಶಿಕ್ಷಣದವರಿಗೆ ವರ್ಷಕ್ಕೊಮ್ಮೆ ನಡೆಸುವ ಮುಖಾಮುಖಿ ತರಗತಿಗೆ, ಡಬ್ಬಿ ಹಿಡಿದು ಓಡಾಡಿದವರಿಗಿಂತ ಒಳ್ಳೆಯ ಜೊತೆ ಯಾರು ಸಿಗುತ್ತಾರೆ? ಒಂದು ಕಾರಿಗೆ ನಾಲ್ಕು ಜನ ಸಾಕು. ಐದನೆಯವರು ಬಂದರೆ ಹಿಂದೆ ಕೂತವರ ಮೊಣಕಾಲು ಗದಗ ಮುಟ್ಟುವಷ್ಟರಲ್ಲಿ ಹಿಡಿದುಕೊಂಡಿರುತ್ತದೆ.

ಹಂತ 3: ಓದಿದ ವಿಷಯಕ್ಕೆ ತಕ್ಕಂತೆ ದಾರಿ ಬದಲಿಸಿಕೊಳ್ಳಿ

ನಾನು ಕೊಡುತ್ತಿರುವ ಮೂಲ ದಾರಿ ಇದು: ಧಾರವಾಡ, ಹುಬ್ಬಳ್ಳಿ, ಅಣ್ಣಿಗೇರಿ, ಗದಗ, ಮರುದಿನ ಲಕ್ಕುಂಡಿ, ಡಂಬಳ, ಮತ್ತೆ ಗದಗ, ಮೂರನೇ ದಿನ ಲಕ್ಷ್ಮೇಶ್ವರ, ಸವಣೂರು, ಬಂಕಾಪುರ, ಅಲ್ಲಿಂದ ಹೆದ್ದಾರಿ ಹಿಡಿದು ಮನೆಗೆ. ಒಟ್ಟು ಸುಮಾರು 300 ಕಿ.ಮೀ. ಎರಡು ರಾತ್ರಿಯೂ ಗದಗಿನಲ್ಲೇ, ಒಂದೇ ಕೋಣೆ. ಬ್ಯಾಗು ಬಿಚ್ಚುವುದು ಒಮ್ಮೆ, ಕಟ್ಟುವುದು ಒಮ್ಮೆ.

ಕನ್ನಡ, ಇತಿಹಾಸ ಓದಿದವರಿಗೆ ಇದು ಹಾಗೇ ಸರಿಹೋಗುತ್ತದೆ. ಬೇರೆಯವರು ಸ್ವಲ್ಪ ತಿರುಗಿಸಿಕೊಳ್ಳಿ.

ಸಂಗೀತ ಓದಿದವರು ಮೊದಲ ದಿನ ಧಾರವಾಡದಲ್ಲೇ ಮಲ್ಲಿಕಾರ್ಜುನ ಮನ್ಸೂರರ ಮನೆ ನೋಡಿ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿ ಬನ್ನಿ. ಸವಾಯಿ ಗಂಧರ್ವರ ಊರು ಅದು, ಭೀಮಸೇನ ಜೋಶಿಯವರು ಅವರ ಬಳಿ ಕಲಿತದ್ದು ಅಲ್ಲೇ. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ ಜಾಗ. ಇಬ್ಬರೂ ಸ್ವತಃ ಕಣ್ಣು ಕಾಣದವರು. ಮಕ್ಕಳ ಪಾಠ ನಡೆಯುವಾಗ ಫೋನ್ ತೆಗೆದು ವಿಡಿಯೋ ಮಾಡಬೇಡಿ, ಕೂತು ಕೇಳಿ.

ಅರ್ಥಶಾಸ್ತ್ರ, ವಾಣಿಜ್ಯ, ಸಹಕಾರ ಓದಿದವರು ಗದಗಿನ ಹತ್ತಿರದ ಕಣಗಿನಹಾಳಕ್ಕೆ ಹೋಗಲೇಬೇಕು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಪತ್ತು ಅಂದರೆ ಸಾಲ ಕೊಡುವ ನಂಬಿಕೆ. ದೇಶದ ಸಹಕಾರ ಚಳವಳಿಯ ಪಾಠ ಶುರುವಾಗುವುದೇ ಈ ಹಳ್ಳಿಯಿಂದ.

ಜಾನಪದ ಓದಿದವರು ಮೂರನೇ ದಿನ ಸವಣೂರಿನ ಬದಲು ಶಿಗ್ಗಾವಿ ಕಡೆ ತಿರುಗಿ. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಹತ್ತಿರದಲ್ಲೇ ಹಳ್ಳಿ ಬದುಕನ್ನು ಗೊಂಬೆಗಳಲ್ಲಿ ನಿಲ್ಲಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಶರೀಫರ ಶಿಶುವಿನಹಾಳವೂ ಅದೇ ತಾಲ್ಲೂಕು.

ವಿಜ್ಞಾನದವರು ಏನು ಮಾಡಲಿ ಅಂತ ಕೇಳಬೇಡಿ. ಮಾಗಡಿ ಕೆರೆ ನಿಮಗಾಗಿಯೇ ಇದೆ, ಮುಂದೆ ಹೇಳುತ್ತೇನೆ.

ಹಂತ 4: ಗಾಡಿ ಮತ್ತು ಕಾಗದಪತ್ರ

ಲೈಸೆನ್ಸ್ ತೆಗೆದು ಕೊನೆಯ ದಿನಾಂಕ ನೋಡಿ. ಈಗಲೇ ನೋಡಿ. ಹಳೆಯ ನಿಯಮದಲ್ಲಿ ಲೈಸೆನ್ಸ್ ಕೊಡುತ್ತಿದ್ದುದು 20 ವರ್ಷಕ್ಕೆ ಅಥವಾ 50 ವಯಸ್ಸು ತುಂಬುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ. ಐವತ್ತರ ಹುಟ್ಟುಹಬ್ಬದ ದಿನ ಸದ್ದಿಲ್ಲದೆ ಮುಗಿದುಹೋದ ಲೈಸೆನ್ಸ್ ಇಟ್ಟುಕೊಂಡು ಓಡಿಸುವವರು ನಮ್ಮಲ್ಲಿ ಬಹಳ. ಅಪಘಾತವಾದರೆ ವಿಮೆ ಕಂಪನಿ ಮೊದಲು ನೋಡುವುದೇ ಅದನ್ನ. ನವೀಕರಣಕ್ಕೆ 40 ದಾಟಿದವರು ಫಾರ್ಮ್ 1ಎ ಕೊಡಬೇಕು, ಅಂದರೆ ಗಾಡಿ ಓಡಿಸಲು ಆರೋಗ್ಯ ಸರಿ ಇದೆ ಅಂತ ವೈದ್ಯರು ಸಹಿ ಮಾಡಿದ ಪತ್ರ. 55 ದಾಟಿದ ಮೇಲೆ ಐದೈದು ವರ್ಷಕ್ಕೆ ಮಾತ್ರ ಕೊಡುತ್ತಾರೆ.

ಆರ್.ಸಿ., ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ ಇವು ಡಿಜಿಲಾಕರಿನಲ್ಲಿ ಇದ್ದರೆ ಸಾಕು. ಆದರೆ ಫೋಟೋ ಹೊಡೆದು ಗ್ಯಾಲರಿಯಲ್ಲಿ ಇಟ್ಟುಕೊಂಡದ್ದು ನಡೆಯುವುದಿಲ್ಲ. ಫಾಸ್ಟ್ಯಾಗಿನಲ್ಲಿ ದುಡ್ಡು ಇದೆಯೇ ನೋಡಿ, ಇಲ್ಲದಿದ್ದರೆ ಟೋಲಿನಲ್ಲಿ ಜಾಸ್ತಿ ಕಟ್ಟಬೇಕಾಗುತ್ತದೆ. ವಿಮೆಯ ಜೊತೆ 'ರೋಡ್ ಸೈಡ್ ಅಸಿಸ್ಟೆನ್ಸ್' ಇದೆಯೇ ಕೇಳಿ. ಗಾಡಿ ದಾರಿಯಲ್ಲಿ ಕೆಟ್ಟರೆ ಮೆಕ್ಯಾನಿಕ್ ಕಳಿಸುವ, ಎಳೆದುಕೊಂಡು ಹೋಗುವ ಸೌಲಭ್ಯ ಅದು. ಸ್ಟೆಪ್ನಿಗೆ ಗಾಳಿ ತುಂಬಿಸಿ, ಎಲ್ಲರೂ ಮರೆಯುವ ಟೈರು ಅದೊಂದೇ.

ಅಂಕಪಟ್ಟಿ, ಸರ್ಟಿಫಿಕೇಟಿನ ಮೂಲ ಪ್ರತಿ ಕಾರಿನಲ್ಲಿ ಒಯ್ಯಬೇಡಿ. ಲಕ್ಕುಂಡಿ ಗುಡಿ ಮುಂದೆ ಅಂಕಪಟ್ಟಿ ಹಿಡಿದು ಫೋಟೋ ತೆಗೆಸಿಕೊಳ್ಳುವ ಆಸೆ ಇದ್ದರೆ ಕಲರ್ ಜೆರಾಕ್ಸ್ ಸಾಕು, ಯಾರು ಹತ್ತಿರ ಬಂದು ನೋಡುತ್ತಾರೆ?

ಸ್ವಂತ ಕಾರು ಇಲ್ಲದವರು ಬಾಡಿಗೆಗೆ ಕೇಳುವಾಗ ಮೂರು ಕಡೆ ಎಚ್ಚರ ಇರಲಿ.

ಒಂದು, ಬಿಳಿ ಬೋರ್ಡಿನ ಗಾಡಿ ಬೇಡ. ಬಿಳಿ ನಂಬರ್ ಪ್ಲೇಟ್ ಅಂದರೆ ಖಾಸಗಿ ಬಳಕೆಯದು, ಅದನ್ನು ಬಾಡಿಗೆಗೆ ಬಿಡುವಂತಿಲ್ಲ. ಚಾಲಕನ ಜೊತೆ ಬರುವ ಟ್ಯಾಕ್ಸಿಗೆ ಹಳದಿ ಪ್ಲೇಟು, ನೀವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ.

ಎರಡು, ಇದು ದುಡ್ಡಿನ ವಿಷಯ. ಹೊರ ಊರಿನ ಬಾಡಿಗೆಗೆ ದಿನಕ್ಕೆ ಇಷ್ಟು ಕಿ.ಮೀ. ಕನಿಷ್ಠ ಅಂತ ಹಿಡಿಯುತ್ತಾರೆ, ಸಾಮಾನ್ಯವಾಗಿ 250 ಅಥವಾ 300. ನೀವು ಮೂರು ದಿನದಲ್ಲಿ ಓಡುವುದೇ ಒಟ್ಟು 300 ಕಿ.ಮೀ. ಬಿಲ್ಲು ಬರುವುದು 750ಕ್ಕೋ 900ಕ್ಕೋ. ಹಾಗಾಗಿ "ಕಿಲೋಮೀಟರ್ ಲೆಕ್ಕ ಬ್ಯಾಡ್ರಿ, ಮೂರು ದಿನಕ್ಕ ಇಡಿಯಾಗಿ ಎಷ್ಟು, ಡೀಸೆಲ್ ಯಾರದು, ಹೇಳ್ರಿ" ಅಂತಲೇ ಮಾತು ಶುರು ಮಾಡಿ. ಒಪ್ಪದಿದ್ದರೆ ಹುಬ್ಬಳ್ಳಿಯಿಂದ ಗದಗಿಗೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ, ಅಲ್ಲಿ ದಿನದ ಲೆಕ್ಕಕ್ಕೆ ಗಾಡಿ ಮಾಡಿಕೊಳ್ಳಿ. ಎಷ್ಟೋ ಅಗ್ಗವಾಗುತ್ತದೆ. ಹೆಣ್ಣುಮಕ್ಕಳಿಗಂತೂ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನ ಪ್ರಯಾಣ ಪುಕ್ಕಟೆ, ಆಧಾರ್ ಕಾರ್ಡ್ ಕೈಯಲ್ಲಿರಲಿ.

ಮೂರು, ಡ್ರೈವರ್ ಬಾಟಾ, ಅಂದರೆ ಚಾಲಕನ ದಿನದ ಊಟ-ವಸತಿ ಭತ್ಯೆ, ಬಾಡಿಗೆಯಲ್ಲೇ ಸೇರಿದೆಯೇ ಬೇರೆಯೇ ಅನ್ನುವುದು ಹೊರಡುವ ಮೊದಲೇ ಸ್ಪಷ್ಟವಾಗಲಿ. ಗದಗಿಗೆ ಹೋದ ಮೇಲೆ ರಾತ್ರಿ ಹತ್ತಕ್ಕೆ ಈ ಮಾತು ತೆಗೆದರೆ ಇಬ್ಬರ ಮುಖವೂ ಕೆಡುತ್ತದೆ.

ಸ್ವಂತ ಕಾರಾದರೆ ಲೆಕ್ಕ ಸುಲಭ: 300ನ್ನು ನಿಮ್ಮ ಗಾಡಿಯ ಮೈಲೇಜಿನಿಂದ ಭಾಗಿಸಿ. ಲೀಟರಿಗೆ 15 ಕೊಟ್ಟರೆ 20 ಲೀಟರ್.

ಹಂತ 5: ಲಾಡ್ಜು, ಔಷಧ, ಬುತ್ತಿ

ಲಾಡ್ಜಿಗೆ ಫೋನ್ ಮಾಡಿದಾಗ ಎ.ಸಿ., ಟಿ.ವಿ. ಕೇಳುವ ಮೊದಲು ಎರಡು ಮಾತು ಕೇಳಿ: "ಲಿಫ್ಟ್ ಐತೇನ್ರಿ? ಕಮೋಡ್ ಐತೇನ್ರಿ?" ಮೊಣಕಾಲು ನೋವಿನವರಿಗೆ ಇವೆರಡೇ ಮುಖ್ಯ. ಬಸ್ ನಿಲ್ದಾಣದ ಮಗ್ಗುಲಿನ ಕೋಣೆ ಅಗ್ಗ, ಆದರೆ ಬೆಳತನಕ ಹಾರ್ನು.

ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ ಐದು ದಿನಕ್ಕಾಗುವಷ್ಟು ಇರಲಿ. ಅದು ಕೈಚೀಲದಲ್ಲಿರಲಿ, ಡಿಕ್ಕಿಯಲ್ಲಿ ಬೇಡ. ದಪ್ಪ ಕಾಲುಚೀಲ ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ, ಬಿಸಿ ಕಲ್ಲಿನ ಮೇಲೆ ಅದೇ ಚಪ್ಪಲಿ. ಸಣ್ಣ ಟಾರ್ಚ್ ಬೇಕು. ಗರ್ಭಗುಡಿಯ ಬಾಗಿಲವಾಡದ, ಅಂದರೆ ಬಾಗಿಲ ಚೌಕಟ್ಟಿನ, ಕೆತ್ತನೆ ಕತ್ತಲಲ್ಲಿರುತ್ತದೆ.

ಶೌಚಾಲಯದ ಮಾತು ಯಾರೂ ಬರೆಯುವುದಿಲ್ಲ, ಕೇಳುವವರು ಮಾತ್ರ ಎಲ್ಲರೂ. ಈ ದಾರಿಯಲ್ಲಿ ನಂಬಬಹುದಾದದ್ದು ದೊಡ್ಡ ಪೆಟ್ರೋಲ್ ಬಂಕುಗಳು. ಬಾಗಿಲಿಗೆ ಕೀಲಿ ಹಾಕಿದ್ದರೆ ಸುಮ್ನೆ ವಾಪಸ್ ಬರಬೇಡಿ, ಕೇಳಿದರೆ ಕೊಡುತ್ತಾರೆ. ಲಾಡ್ಜು ಬಿಡುವಾಗ ಒಮ್ಮೆ, ಊಟದ ಜಾಗದಲ್ಲಿ ಒಮ್ಮೆ ಅಂತ ರೂಢಿ ಮಾಡಿಕೊಳ್ಳಿ. ಇದಕ್ಕೆ ಹೆದರಿ ನೀರು ಕುಡಿಯದೇ ಇರುವುದು ಹೆಣ್ಣುಮಕ್ಕಳು ಮಾಡುವ ದೊಡ್ಡ ತಪ್ಪು.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ದಪಾಟಿ ಸಾಕು, ಎರಡು ದಿನ ಕೆಡುವುದಿಲ್ಲ. ಮಧ್ಯಾಹ್ನ ಖಾನಾವಳಿ ಹುಡುಕಿ. ಒಂದು ಗಂಟೆಯ ಒಳಗೆ ಹೋದರೆ ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ. ಮೂರಕ್ಕೆ ಹೋದರೆ ಅನ್ನ-ಸಾರು.

ಹಂತ 6: ಮೊದಲ ದಿನ, ಧಾರವಾಡದಿಂದ ಗದಗ

ಬೆಳಗ್ಗೆ ಏಳಕ್ಕೆ ಹೊರಟರೆ ಹುಬ್ಬಳ್ಳಿ ಊರೊಳಗಿನ ಗದ್ದಲ ಶುರುವಾಗುವ ಮೊದಲೇ ದಾಟುತ್ತೀರಿ. ಅವಳಿ ನಗರದ ರಸ್ತೆಯಲ್ಲಿ ನಡುವಿನ ಎರಡು ಲೇನು ಚಿಗರಿ ಅನ್ನುವ ನಗರ ಬಸ್ಸಿನದು. ಖಾಲಿ ಕಂಡಿತು ಅಂತ ನುಗ್ಗಬೇಡಿ. ಪೇಡೆ ಈಗಲೇ ಕೊಳ್ಳಬೇಡಿ. ಮೂರು ದಿನ ಕಾರಿನ ಬಿಸಿಯಲ್ಲಿ ಇಟ್ಟರೆ ಕೆಡುತ್ತದೆ, ಹಂಚುವುದು ಹೇಗೂ ಬಂದ ಮೇಲೆ ಅಲ್ವಾ.

ಹುಬ್ಬಳ್ಳಿಯಿಂದ ಗದಗ ರಸ್ತೆ ಹಿಡಿದರೆ ಸುಮಾರು 35 ಕಿ.ಮೀ.ಗೆ ಅಣ್ಣಿಗೇರಿ. ಪಂಪನ ಊರು ಎಂದು ಹೆಸರಾದ ಜಾಗ. ಇಲ್ಲಿ ಅಮೃತೇಶ್ವರ ಗುಡಿ ನೋಡಿ. ಕಾಲ ಸುಮಾರು 1050. ನೋಡುವಾಗ ಕಲ್ಲನ್ನು ಗಮನಿಸಿ. ಬಾದಾಮಿ, ಐಹೊಳೆಯ ಗುಡಿಗಳು ಮರಳುಗಲ್ಲಿನವು. ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲಿಗೆ ಕೈ ಹಾಕಿದ ಮೊದಲ ಗುಡಿಗಳಲ್ಲಿ ಇದು ಹೆಸರಾದದ್ದು. ಬಳಪದ ಕಲ್ಲು ಮೆತ್ತಗೆ, ಸಣ್ಣ ಉಳಿಗೂ ಬಗ್ಗುತ್ತದೆ. ಅದಕ್ಕೇ ಇಲ್ಲಿಂದ ಮುಂದೆ ಕೆತ್ತನೆ ಸಣ್ಣದಾಗುತ್ತಾ, ಆಳವಾಗುತ್ತಾ ಹೋಗುತ್ತದೆ. ಅಣ್ಣಿಗೇರಿ ಮೊದಲು, ಲಕ್ಕುಂಡಿ ಆಮೇಲೆ ಅನ್ನುವ ಕ್ರಮ ತಪ್ಪಿಸಬೇಡಿ ಅನ್ನುವುದು ಈ ಕಾರಣಕ್ಕೆ. ಲಕ್ಕುಂಡಿ ನೋಡಿ ಬಂದು ಅಣ್ಣಿಗೇರಿ ನೋಡಿದರೆ "ಇಷ್ಟೇನಾ" ಅನಿಸಿಬಿಡುತ್ತದೆ.

ಗದಗ ಮುಟ್ಟಿದಾಗ ಹನ್ನೊಂದೂವರೆ ಆಗಿದ್ದರೆ ಗುಡಿಗೆ ಓಡಬೇಡಿ. ಪೂಜೆ ನಡೆಯುವ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಊಟ ಮಾಡಿ, ಮಲಗಿ, ನಾಲ್ಕೂವರೆಗೆ ಏಳಿ. ಮೊದಲು ತ್ರಿಕೂಟೇಶ್ವರ. ಒಂದೇ ಪೀಠದ ಮೇಲೆ ಮೂರು ಲಿಂಗ. ಅದೇ ಆವರಣದಲ್ಲಿ ಸರಸ್ವತಿಯ ಗುಡಿ ಇದೆ. ಮೂರ್ತಿ ಭಗ್ನವಾಗಿದೆ, ಆದರೆ ಕಂಬಗಳು ನೋಡುವಂಥವು. ಒಂದು ಕಂಬವನ್ನು ಆರಿಸಿಕೊಂಡು ಬುಡದಿಂದ ತುದಿಯವರೆಗೆ ನಿಧಾನ ನೋಡಿ. ಪಟ್ಟಿ ಪಟ್ಟಿಯಾಗಿ ವಿನ್ಯಾಸ ಬದಲಾಗುತ್ತದೆ. ತಿರುಗಣೆಯಲ್ಲಿ ಕಡೆದ ನುಣುಪಿನ ಪಕ್ಕದಲ್ಲೇ ಉಳಿಯಲ್ಲಿ ಕೆತ್ತಿದ ಚೂಪು ಅಂಚು. ಬೆರಳು ಆಡಿಸುವ ಮನಸ್ಸಾಗುತ್ತದೆ, ಆಡಿಸಬೇಡಿ. ಕೈಯ ಎಣ್ಣೆಗೆ ಕಲ್ಲು ಕಪ್ಪಾಗುತ್ತದೆ.

ಅಲ್ಲಿಂದ ವೀರನಾರಾಯಣ. ಕುಮಾರವ್ಯಾಸ ಭಾರತ ಬರೆದದ್ದು ಇಲ್ಲೇ ಅನ್ನುತ್ತಾರೆ, ಅವನು ಒರಗಿ ಕೂರುತ್ತಿದ್ದ ಕಂಬವನ್ನೂ ತೋರಿಸುತ್ತಾರೆ. ಮಿಂದು ಒದ್ದೆ ಬಟ್ಟೆಯಲ್ಲಿ ಕೂತು, ಬಟ್ಟೆ ಆರುವ ತನಕ ಮಾತ್ರ ಪದ್ಯ ಹೇಳುತ್ತಿದ್ದ ಅನ್ನುವುದು ಜನರ ಕಥೆ. ಅವನ ಊರು ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡ. ನಿಮ್ಮ ಸಿಲಬಸ್ಸಿನಲ್ಲಿದ್ದ ಒಂದು ಪದ್ಯ ಬಾಯಿಪಾಠ ಇದ್ದರೆ ಇಲ್ಲಿ ಹೇಳಿ. ಯಾರಾದರೂ ನೋಡಿಯಾರು ಅಂತ ನಾಚಬೇಡಿ, ಗದುಗಿನವರಿಗೆ ಇದು ಹೊಸದಲ್ಲ.

ರಾತ್ರಿ ಊಟ ಹಗುರ ಇರಲಿ. ಸಂಜೆ ಮಿರ್ಚಿ ಬಜಿ, ಗಿರ್ಮಿಟ್ ತಿಂದಿರುತ್ತೀರಿ, ನಾನು ಬೇಡ ಅಂದರೂ ತಿನ್ನುತ್ತೀರಿ.

ಹಂತ 7: ಎರಡನೇ ದಿನ, ಲಕ್ಕುಂಡಿ ಮತ್ತು ಡಂಬಳ

ಗದಗಿನಿಂದ ಲಕ್ಕುಂಡಿ 12 ಕಿ.ಮೀ. ಎಂಟು ಗಂಟೆಗೆ ಅಲ್ಲಿರಿ. ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಕೆತ್ತನೆ ಎದ್ದು ಕಾಣುತ್ತದೆ, ಹನ್ನೊಂದಾದರೆ ಎಲ್ಲ ಚಪ್ಪಟೆ.

ಊರ ತುಂಬ ಗುಡಿಗಳಿವೆ. ಎಲ್ಲ ನೋಡುತ್ತೇನೆ ಅಂತ ಹೊರಟರೆ ಯಾವುದೂ ನೆನಪಿರುವುದಿಲ್ಲ. ಮೂರು ಸಾಕು.

ಮೊದಲು ಬ್ರಹ್ಮ ಜಿನಾಲಯ. ಅತ್ತಿಮಬ್ಬೆ ಕಟ್ಟಿಸಿದ್ದು, ಶಾಸನದ ಕಾಲ 1007. ಗಂಡ ತೀರಿಕೊಂಡ ಮೇಲೆ ಇಡೀ ಬದುಕನ್ನು ಓದು, ದಾನಕ್ಕೆ ಇಟ್ಟವಳು. ಅಚ್ಚುಕೂಟ ಇಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಸಾವಿರ ಪ್ರತಿ ಅಂದರೆ ಎಷ್ಟು ತಾಳೆಗರಿ, ಎಷ್ಟು ಜನ ಲಿಪಿಕಾರರು, ಎಷ್ಟು ಊಟ! ರನ್ನನಿಗೆ ಅಜಿತಪುರಾಣ ಬರೆಯಲು ಆಸರೆ ಕೊಟ್ಟವಳೂ ಇವಳೇ. ಒಬ್ಬರ ಪುಸ್ತಕ ಒಬ್ಬರು ಜೆರಾಕ್ಸ್ ಮಾಡಿಸಿಕೊಂಡು ಓದಿ ಪಾಸಾದವರು ಈ ಗುಡಿಯ ಮುಂದೆ ಸ್ವಲ್ಪ ಹೊತ್ತು ಕೂತರೆ ತಪ್ಪಿಲ್ಲ.

ಆಮೇಲೆ ಕಾಶಿವಿಶ್ವೇಶ್ವರ. ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ. ಇಲ್ಲಿ ಬಾಗಿಲವಾಡಕ್ಕೇ ಅರ್ಧ ತಾಸು ಕೊಡಿ. ಅಣ್ಣಿಗೇರಿಯಲ್ಲಿ ಶುರುವಾದದ್ದು ಎಲ್ಲಿಗೆ ಬಂತು ಅನ್ನುವುದು ಈ ಬಾಗಿಲಲ್ಲಿದೆ.

ಮೂರನೆಯದು ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ. ಮೆಟ್ಟಿಲುಗಳ ಬದಿಗೆ ಗುಡಿಯಂಥ ಪುಟ್ಟ ಗೂಡುಗಳಿವೆ. ಮೇಲಿನಿಂದ ನೋಡಿದರೂ ಚೆಂದ. ಕೆಳಗಿನ ಮೆಟ್ಟಿಲು ಪಾಚಿ ಹಿಡಿದಿರುತ್ತವೆ, ಫೋಟೋಗೆ ಅಂತ ಇಳಿಯಬೇಡಿ. ಮುಂದಿನ ಮೂರು ತಿಂಗಳು ಕಾಲು ಪ್ಲಾಸ್ಟರಿನಲ್ಲಿ ಇಟ್ಟು ಕೂರುವುದು ಯಾವ ಸಂಭ್ರಮ?

ಫೋಟೋ ಬಗ್ಗೆ ಒಂದು ಮಾತು. ಮೊಬೈಲಿಗೆ ಅಡ್ಡಿಯಿಲ್ಲ. ಟ್ರೈಪಾಡ್, ಲೈಟು ಹೊತ್ತ ಫೋಟೋಗ್ರಾಫರನ್ನು ಕರೆದುಕೊಂಡು ಹೋದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಬೇಕು. ಕಪ್ಪು ಗೌನು ಬಾಡಿಗೆಗೆ ತಂದು ಹಾಕಿಕೊಳ್ಳುವುದು ನಿಮ್ಮ ಇಷ್ಟ. ನನ್ನನ್ನು ಕೇಳಿದರೆ ಇಳಕಲ್ ಸೀರೆಯೋ ಬಿಳಿ ಅಂಗಿಯೋ ಈ ಕಲ್ಲಿನ ಮುಂದೆ ಚೆನ್ನಾಗಿ ಕಾಣುತ್ತದೆ, ಬೆವರೂ ಕಡಿಮೆ.

ಲಕ್ಕುಂಡಿಯಿಂದ ಡಂಬಳಕ್ಕೆ ಹಳ್ಳಿ ರಸ್ತೆ. ದೊಡ್ಡಬಸಪ್ಪ ಗುಡಿಯ ಹೊರಗೋಡೆ ಮೂಲೆ ಮೂಲೆಯಾಗಿ ತಿರುಗುತ್ತದೆ. 24 ಮೂಲೆಯ ನಕ್ಷತ್ರದ ತಳವಿನ್ಯಾಸ ಅದು. ಸುತ್ತು ಹಾಕುತ್ತಾ ಎಣಿಸಿ, ಎಲ್ಲೋ ಒಂದು ಕಡೆ ಲೆಕ್ಕ ತಪ್ಪುತ್ತದೆ. ಇದೇ ಊರಿನ 1095ರ ಶಾಸನದಲ್ಲಿ ಬೌದ್ಧರ ತಾರಾದೇವಿಯ ಪ್ರಸ್ತಾಪವಿದೆ. ಕರ್ನಾಟಕದಲ್ಲಿ ಬೌದ್ಧರು ಯಾವಾಗಿನವರೆಗೆ ಇದ್ದರು ಅಂತ ಪ್ರಶ್ನೆ ಬಂದಾಗಲೆಲ್ಲ ಡಂಬಳದ ಹೆಸರು ಬರೆದಿರುತ್ತೀರಿ, ಊರು ಇದೇ. ಅಲ್ಲಿಂದ ಗದಗಿಗೆ ವಾಪಸ್, ಕತ್ತಲಾಗುವ ಮೊದಲು.

ರಸ್ತೆಯಲ್ಲಿ ಎಚ್ಚರ

ಕತ್ತಲಾಗುವ ಮೊದಲು ಅಂತ ಯಾಕೆ ಹೇಳುತ್ತೇನೆ ಅಂದರೆ, ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರುಗಳು. ಹತ್ತಿ, ಗೋವಿನಜೋಳ, ಮೇವು ತುಂಬಿ ರಸ್ತೆಯ ಅರ್ಧ ಅಗಲಕ್ಕೆ ಹರಡಿಕೊಂಡು ಹೋಗುತ್ತವೆ. ಐವತ್ತು ದಾಟಿದ ಕಣ್ಣಿಗೆ ಎದುರಿನ ಲೈಟು ಚುಚ್ಚುತ್ತದೆ, ಆ ಚಣದಲ್ಲಿ ಮುಂದಿನ ಟ್ರ್ಯಾಕ್ಟರು ಕಾಣುವುದಿಲ್ಲ. ಆರು ಗಂಟೆಯ ಮೇಲೆ ಹಳ್ಳಿ ರಸ್ತೆ ಬೇಡ.

ಎರಡನೆಯದು, ರಸ್ತೆ ಮೇಲಿನ ರಾಶಿ. ಕಣ ಮಾಡುವ ಬದಲು ರೈತರು ಹುರುಳಿ, ತೊಗರಿ ತಂದು ಡಾಂಬರಿನ ಮೇಲೆ ಹರಡುತ್ತಾರೆ. ಹಾದುಹೋಗುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಅಂತ. ಅದರ ಮೇಲೆ ವೇಗವಾಗಿ ಹೋದರೆ ಗಾಡಿ ಜಾರುತ್ತದೆ. ಅದಕ್ಕಿಂತ ಅಪಾಯದ್ದು ಹುರುಳಿ ಬಳ್ಳಿ. ಗಾಲಿಯ ಅಚ್ಚಿಗೆ ಸುತ್ತಿಕೊಂಡು, ತಿಕ್ಕಿ ಬಿಸಿಯಾಗಿ, ಹೊತ್ತಿಕೊಳ್ಳುತ್ತದೆ. ಹೀಗೆ ಸುಟ್ಟುಹೋದ ಕಾರುಗಳಿವೆ. ಸಾಧ್ಯವಿದ್ದರೆ ಪಕ್ಕಕ್ಕೆ ಹಾಯ್ದು ಹೋಗಿ. ದಾಟಲೇಬೇಕಾದರೆ ನಿಧಾನ ದಾಟಿ, ಮುಂದೆ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿದ ಬಳ್ಳಿ ಕಿತ್ತು ಹಾಕಿ. ಸುಟ್ಟ ಹೊಟ್ಟಿನ ವಾಸನೆ ಬಂದರೆ ಎಲ್ಲರೂ ಇಳಿದುಬಿಡಿ.

ಮೂರನೆಯದು ಎರಿ ನೆಲ. ಮಳೆ ಬಿದ್ದ ಮರುದಿನ ರಸ್ತೆ ಬಿಟ್ಟು ಹೊಲದಂಚಿಗೆ ಗಾಲಿ ಇಳಿಸಿದರೆ ಕರಿ ಮಣ್ಣು ಟೈರಿಗೆ ಮೆತ್ತಿಕೊಂಡು ಬಿಡುವುದಿಲ್ಲ. ಎತ್ತು ಕಟ್ಟಿ ಎಳೆಸಬೇಕಾದೀತು.

ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033.

ಹಂತ 8: ಮೂರನೇ ದಿನ, ಲಕ್ಷ್ಮೇಶ್ವರ, ಸವಣೂರು, ಬಂಕಾಪುರ

ಬೆಳಗ್ಗೆ ಆರೂವರೆಗೇ ಹೊರಡಿ. ಲಕ್ಷ್ಮೇಶ್ವರಕ್ಕೆ ಸುಮಾರು 40 ಕಿ.ಮೀ., ಹಾದಿಯಲ್ಲಿ ಮಾಗಡಿ ಕೆರೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಅದೇ ಗುರುತು. 2024ರಲ್ಲಿ ಇದಕ್ಕೆ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಜಗತ್ತಿಗೇ ಮುಖ್ಯವಾದ ಜೌಗು ನೆಲಗಳ ಪಟ್ಟಿ ಅದು. ಬೈನಾಕ್ಯುಲರ್ ಇದ್ದರೆ ತನ್ನಿ. ಮಾರ್ಚ್ ಆದ ಮೇಲೆ ಇಲ್ಲಿ ಇಳಿಯುವುದು ದಂಡ.

ಲಕ್ಷ್ಮೇಶ್ವರ ಅಂದರೆ ಹಳೆಯ ಪುಲಿಗೆರೆ. ಕನ್ನಡದ ತಿರುಳು ಇರುವ ನಾಡು ಅಂತ ಕವಿರಾಜಮಾರ್ಗ ಹೆಸರಿಸುವ ನಾಲ್ಕು ಊರುಗಳಲ್ಲಿ ಒಂದು. ಕಿಸುವೊಳಲು, ಕೊಪಣ, ಒಕ್ಕುಂದ ಉಳಿದ ಮೂರು. ಸೋಮೇಶ್ವರ ಗುಡಿಯಲ್ಲಿ ಶಿವ-ಪಾರ್ವತಿ ನಂದಿಯ ಮೇಲೆ ಕೂತ ಮೂರ್ತಿ ಇದೆ, ಹೀಗೆ ಕೂತದ್ದು ಎಲ್ಲ ಕಡೆ ಸಿಗುವುದಿಲ್ಲ.

ಸವಣೂರಿನಲ್ಲಿ ಜಾಸ್ತಿ ಹೊತ್ತು ಬೇಡ. ಆಫ್ರಿಕಾ ಮೂಲದ ಬಾವೊಬಾಬ್ ಮರಗಳನ್ನು ನೋಡಿ. ಅವು ಇರುವ ದೊಡ್ಡ ಹುಣಸೆ ಮಠ ಎಲ್ಲಿ ಅಂತ ಕೇಳಿದರೆ ತೋರಿಸುತ್ತಾರೆ. ಎಲೆ ಹಾಕುವವರಿದ್ದರೆ ಸವಣೂರು ಎಲೆಯ ಒಂದು ಕಟ್ಟು, ಮನೆಗೆ ಒಂದು ಪೊಟ್ಟಣ ಖಾರಾ.

ಕೊನೆಯದು ಬಂಕಾಪುರ. ಹಾಳುಬಿದ್ದ ಕೋಟೆಯೊಳಗೆ ನಗರೇಶ್ವರ ಗುಡಿ, ಊರವರ ಬಾಯಲ್ಲಿ ಅರವತ್ತು ಕಂಬದ ಗುಡಿ. ಸುತ್ತಲ ಕುರುಚಲಿನಲ್ಲಿ ನವಿಲುಗಳಿವೆ, ಸದ್ದು ಮಾಡದಿದ್ದರೆ ಕಾಣುತ್ತವೆ. ಈ ಊರು ಒಂದು ಕಾಲದ ವಿದ್ಯಾಕೇಂದ್ರ. ಜೈನ ಆಚಾರ್ಯ ಗುಣಭದ್ರರ ಉತ್ತರಪುರಾಣವನ್ನು 898ರಲ್ಲಿ ಪೂಜಿಸಿದ್ದು ಇಲ್ಲಿ. ಜೈನ ಗುರು ಅಜಿತಸೇನಾಚಾರ್ಯರು ಇದ್ದದ್ದು ಇಲ್ಲಿ. ಗಂಗ ದೊರೆ ಮಾರಸಿಂಹ ರಾಜ್ಯ ಬಿಟ್ಟು ಬಂದು ಇದೇ ಗುರುವಿನ ಸನ್ನಿಧಿಯಲ್ಲಿ ಸಲ್ಲೇಖನ ಮಾಡಿದ. ಅಂದರೆ ಉಪವಾಸದಿಂದ ದೇಹ ಬಿಡುವ ಜೈನ ವ್ರತ.

ನಾಲ್ಕು ಗಂಟೆಗೆ ಬಂಕಾಪುರ ಬಿಟ್ಟರೆ ಹೆದ್ದಾರಿಯಲ್ಲಿ ಬೆಳಕಿರುವಾಗಲೇ ಹುಬ್ಬಳ್ಳಿ. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಲಾರಿಗಳ ನಡುವೆ ಓವರ್‌ಟೇಕ್ ಮಾಡುವ ಸಾಹಸ ಬೇಡ. ದಣಿದಿದ್ದರೆ ಊರೊಳಗಿನ ರಸ್ತೆಯೇ ವಾಸಿ. ಪೇಡೆ ಕೊಳ್ಳುವುದು ಈಗ.

ಇನ್ನೊಂದು ದಿನ ಸಿಕ್ಕರೆ

ಬಂಕಾಪುರದಿಂದ ಮನೆಗೆ ಬರದೆ ಹಾವೇರಿಯಲ್ಲಿ ಉಳಿಯಿರಿ. ಸಂಜೆ ಸಿದ್ಧೇಶ್ವರ ಗುಡಿ. ಹಾವೇರಿಯ ಏಲಕ್ಕಿ ಹಾರ ಮಾಡುವವರನ್ನು ವಿಚಾರಿಸಿ ಒಂದು ಹಾರ ಕೊಳ್ಳಿ. ಸಮ್ಮೇಳನಾಧ್ಯಕ್ಷರಿಗೆ, ಮಂತ್ರಿಗಳಿಗೆ ಮಾತ್ರ ಅಂತ ಎಲ್ಲಿ ಬರೆದಿದೆ? ಜೊತೆಗಾರರು ನಿಮ್ಮ ಕೊರಳಿಗೆ ಹಾಕಲಿ. ಮರುದಿನ ತುಂಗಭದ್ರೆಯ ದಡದ ಚೌಡದಾನಪುರಕ್ಕೆ, ವರದೆ ಬಂದು ಸೇರುವ ಗಳಗನಾಥಕ್ಕೆ ಹೋಗಿ ಬನ್ನಿ. ನದಿಗೆ ಇಳಿಯುವ ಮೊದಲು ಊರವರನ್ನು ಕೇಳಿ, ಮಡುಗಳಿರುತ್ತವೆ. ಜನವರಿಯ ನಂತರವಾದರೆ ಬ್ಯಾಡಗಿ ಮೆಣಸಿನಕಾಯಿ ಪೇಟೆಯನ್ನೂ ಸೇರಿಸಬಹುದು. ಮೂಗಿಗೆ ಒದ್ದೆ ಕರ್ಚೀಫು ಕಟ್ಟಿಕೊಳ್ಳಿ, ದಮ್ಮು ಇರುವವರು ಕಾರಿನಿಂದ ಇಳಿಯುವುದೇ ಬೇಡ.